ಬಾಲ್ಯದ ಪೆಟ್ಟು, ನಡುವಯಸ್ಸಿನ ಕಾಯಿಲೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನಲ್ಲಿದ್ದ ಪುನರುಕ್ತಿಗಳನ್ನು ತೆಗೆದು, ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಉತ್ತರಗಳನ್ನೂ ಸೇರಿಸಿದ್ದೇನೆ.)

ಮಾನ್ಯ ಸಭಿಕರೇ,

ಬಾಲ್ಯದ ಆಘಾತದ ಬಗ್ಗೆ ಇಂದು ನಮಗಿರುವ ತಿಳಿವಳಿಕೆಯ ಒಂದು ಮುಖ್ಯ ಎಳೆ ಸಿಕ್ಕಿದ್ದು ಮಕ್ಕಳ ಆಸ್ಪತ್ರೆಯಲ್ಲಲ್ಲ, ಮನೋವೈದ್ಯರ ಕೊಠಡಿಯಲ್ಲೂ ಅಲ್ಲ. ದೊಡ್ಡವರ ಬೊಜ್ಜು ಕರಗಿಸುವ ಚಿಕಿತ್ಸಾಲಯದಲ್ಲಿ. 1980ರ ದಶಕದ ನಡುಭಾಗದಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ, ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆಯ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ ಅತಿಬೊಜ್ಜಿನ ರೋಗಿಗಳಿಗೆ ತೂಕ ಇಳಿಸುವ ಚಿಕಿತ್ಸೆ ನೀಡುತ್ತಿದ್ದರು. ಚಿಕಿತ್ಸೆ ಫಲಿಸುತ್ತಿತ್ತು. ಆದರೂ ರೋಗಿಗಳು ನಡುವೆಯೇ ಬಿಟ್ಟುಹೋಗುತ್ತಿದ್ದರು. ವಿಚಿತ್ರವೆಂದರೆ ಹಾಗೆ ಬಿಟ್ಟವರಲ್ಲಿ ಹೆಚ್ಚಿನವರು ತೂಕ ಇಳಿಯದೆ ಬೇಸತ್ತವರಲ್ಲ, ಚೆನ್ನಾಗಿಯೇ ಇಳಿಯುತ್ತಿದ್ದವರು. ಯುವತಿಯೊಬ್ಬಳು ಒಂದು ವರ್ಷದೊಳಗೆ ಸುಮಾರು 185 ಕಿಲೋದಿಂದ 60 ಕಿಲೋಗೆ ಇಳಿದಿದ್ದಳು. ಆಮೇಲೆ ಮೂರೇ ವಾರಗಳಲ್ಲಿ 17 ಕಿಲೋದಷ್ಟು ಮರಳಿ ಏರಿದಳು. ಏಕೆಂದು ಕೆದಕಿ ಕೇಳಿದಾಗ ತಿಳಿದದ್ದಿಷ್ಟು: ಅವಳು ತೆಳ್ಳಗಾದ ಮೇಲೆ, ಅವಳಿಗಿಂತ ಬಹಳ ಹಿರಿಯನಾದ ಸಹೋದ್ಯೋಗಿಯೊಬ್ಬ ಅವಳ ಮೇಲೆ ಕಣ್ಣುಹಾಕಿ ಮಾತಾಡಿದ್ದ, ಮತ್ತು ಬಾಲ್ಯದಲ್ಲಿ ಅವಳು ಮನೆಯ ಹಿರಿಯನಿಂದಲೇ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದಳು. ಚಿಕಿತ್ಸೆ ಬಿಟ್ಟ 286 ಮಂದಿಯ ಜೀವನವೃತ್ತಾಂತವನ್ನು ಫೆಲಿಟ್ಟಿಯವರು ಕುಳಿತು ಕೇಳಿ ಬರೆದುಕೊಂಡಾಗ, ಹೆಚ್ಚುಕಡಿಮೆ ಅರ್ಧದಷ್ಟು ಜನ ಬಾಲ್ಯದಲ್ಲಿ ಅಂಥದೇ ದೌರ್ಜನ್ಯವನ್ನು ಕಂಡವರಾಗಿದ್ದರು.

ವೈದ್ಯರ ಲೆಕ್ಕದಲ್ಲಿ ಬೊಜ್ಜು ಸಮಸ್ಯೆ. ಆ ರೋಗಿಗಳ ಲೆಕ್ಕದಲ್ಲಿ, ಅವರು ಬಾಯಿಬಿಟ್ಟು ಹೇಳದಿದ್ದರೂ, ಅದು ಪರಿಹಾರ: ದಪ್ಪಗಿದ್ದರೆ ಯಾರೂ ತನ್ನತ್ತ ನೋಡುವುದಿಲ್ಲ, ಯಾರೂ ಹತ್ತಿರ ಬರುವುದಿಲ್ಲ. ಇಂದಿನ ನನ್ನ ಮಾತೆಲ್ಲ ಈ ಒಂದು ತಿರುವಿನ ಸುತ್ತಲೇ ಇದೆ. ನಡುವಯಸ್ಸಿನಲ್ಲಿ ನಾವು ಕಾಯಿಲೆ, ಚಟ ಅಥವಾ ಕೆಟ್ಟ ಸ್ವಭಾವ ಎಂದು ಕರೆಯುವ ಎಷ್ಟೋ ಸಂಗತಿಗಳು ಒಂದು ಕಾಲದಲ್ಲಿ ಒಂದು ಮಗು ಬದುಕಿ ಉಳಿಯಲು ಕಂಡುಕೊಂಡ ದಾರಿಗಳಾಗಿದ್ದವು. ಮಗುವಿನ ಮನಸ್ಸಷ್ಟೇ ಅಲ್ಲ, ದೇಹವೂ ಹಾಗೆ ದಾರಿ ಕಂಡುಕೊಳ್ಳುತ್ತದೆ. ಅದರ ಬೆಲೆಯನ್ನು ತೆರಬೇಕಾದ ದಿನ ಮಾತ್ರ ಹಲವು ದಶಕಗಳ ನಂತರ ಬರುತ್ತದೆ.

ಫೆಲಿಟ್ಟಿಯವರ ಮಾತನ್ನು ಮೊದಮೊದಲು ಸಹವೈದ್ಯರು ಅಷ್ಟಾಗಿ ನಂಬಲಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದಲ್ಲಿದ್ದ ರಾಬರ್ಟ್ ಆಂಡಾ ಅವರ ಜೊತೆಗೂಡಿ 1995ರಿಂದ 1997ರವರೆಗೆ ನಡೆಸಿದ ಸಮೀಕ್ಷೆಯಲ್ಲಿ 17,000ಕ್ಕೂ ಹೆಚ್ಚು ವಯಸ್ಕರು ತಮ್ಮ ಬಾಲ್ಯದ ಬಗೆಗಿನ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಮೊದಲ ವರದಿ 1998ರಲ್ಲಿ ಪ್ರಕಟವಾಯಿತು. ದೈಹಿಕ, ಮಾನಸಿಕ ಮತ್ತು ಲೈಂಗಿಕ ದೌರ್ಜನ್ಯ, ತಾಯಿಯ ಮೇಲೆ ನಡೆದ ಹಿಂಸೆ, ಮನೆಯಲ್ಲಿ ಕುಡುಕರೋ ಮಾದಕ ವ್ಯಸನಿಗಳೋ ಇದ್ದದ್ದು, ತೀವ್ರ ಮಾನಸಿಕ ಕಾಯಿಲೆ ಇದ್ದದ್ದು, ಮನೆಯವರೊಬ್ಬರು ಜೈಲಿಗೆ ಹೋದದ್ದು ಎಂಬ ಏಳು ಬಗೆಗಳಿಗೆ ಮುಂದೆ ತಂದೆತಾಯಿಯರ ಅಗಲಿಕೆ ಮತ್ತು ಎರಡು ಬಗೆಯ ನಿರ್ಲಕ್ಷ್ಯ ಸೇರಿ ಹತ್ತಾದವು. ಇವನ್ನೇ ಬಾಲ್ಯದ ಪ್ರತಿಕೂಲ ಅನುಭವಗಳು ಎನ್ನುತ್ತಾರೆ. ಒಂದೊಂದು ಬಗೆಗೆ ಒಂದು ಅಂಕ.

ಇಲ್ಲಿ ಗಮನಿಸಬೇಕಾದದ್ದು, ಉತ್ತರಿಸಿದವರು ಕಡುಬಡವರಾಗಿರಲಿಲ್ಲ. ಬಹುಪಾಲು ನಡುವಯಸ್ಸು ದಾಟಿದ, ಓದಿದ, ಆರೋಗ್ಯ ವಿಮೆಯಿದ್ದ ಬಿಳಿಯ ಮಧ್ಯಮವರ್ಗದವರು. ಅವರಲ್ಲಿಯೇ ಅರ್ಧಕ್ಕಿಂತ ಹೆಚ್ಚು ಜನರಿಗೆ ಕನಿಷ್ಠ ಒಂದು ಅಂಕವಿತ್ತು. ಇಡೀ ಸಮೂಹದಲ್ಲಿ ಸುಮಾರು ಎಂಟರಲ್ಲಿ ಒಬ್ಬರಿಗೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು. ಒಂದೂ ಇಲ್ಲದವರಿಗೆ ಹೋಲಿಸಿದರೆ, ನಾಲ್ಕು ಅಥವಾ ಹೆಚ್ಚು ಅಂಕದವರಲ್ಲಿ ಕುಡಿತದ ಚಟ, ಮಾದಕ ವ್ಯಸನ, ಖಿನ್ನತೆ ಮತ್ತು ಆತ್ಮಹತ್ಯೆಯ ಯತ್ನದ ಸಂಭವ 4ರಿಂದ 12 ಪಟ್ಟು ಹೆಚ್ಚಿತ್ತು. ಇದನ್ನು ಊಹಿಸಬಹುದಿತ್ತು. ಆದರೆ ಹೃದಯದ ಕಾಯಿಲೆ, ಕ್ಯಾನ್ಸರ್, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಯಕೃತ್ತಿನ ಕಾಯಿಲೆ ಇವೂ ಅಂಕ ಏರಿದಂತೆ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದವು. 2017ರಲ್ಲಿ ಎರಡೂವರೆ ಲಕ್ಷ ಜನರನ್ನು ಒಳಗೊಂಡ 37 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಇದೇ ನಕ್ಷೆ ಕಂಡಿತು: ಬೊಜ್ಜು ಮತ್ತು ಮಧುಮೇಹದ ಜೊತೆಗಿನ ನಂಟು ದುರ್ಬಲ, ಹೃದ್ರೋಗ, ಕ್ಯಾನ್ಸರ್ ಮತ್ತು ಧೂಮಪಾನದ ಜೊತೆಗಿನದು ಮಧ್ಯಮ, ಮಾನಸಿಕ ಕಾಯಿಲೆಯ ಜೊತೆಗಿನದು ಬಲವಾದದ್ದು, ಮಾದಕ ವ್ಯಸನ ಮತ್ತು ತನ್ನ ಮೇಲೋ ಪರರ ಮೇಲೋ ನಡೆಸುವ ಹಿಂಸೆಯ ಜೊತೆಗಿನದು ಎಲ್ಲಕ್ಕಿಂತ ಬಲವಾದದ್ದು. ಬೊಜ್ಜಿನ ಚಿಕಿತ್ಸಾಲಯದಲ್ಲಿ ಹುಟ್ಟಿದ ಪ್ರಶ್ನೆಗೆ ಬೊಜ್ಜಿನ ವಿಷಯದಲ್ಲಿಯೇ ಉತ್ತರ ತೆಳುವಾಗಿ ಬಂದದ್ದು ಒಂದು ತಮಾಷೆಯೇ ಸರಿ.

ನೋವಿನ ಬಾಲ್ಯ ಕಂಡವರು ಹೆಚ್ಚು ಸಿಗರೇಟು ಸೇದುತ್ತಾರೆ, ಹೆಚ್ಚು ಕುಡಿಯುತ್ತಾರೆ, ಅದಕ್ಕೇ ಕಾಯಿಲೆ ಬರುತ್ತದೆ, ಇದರಲ್ಲಿ ಹೊಸತೇನಿದೆ ಎಂದು ನೀವು ಕೇಳಬಹುದು. ಅದು ನಿಜವೇ, ಆದರೆ ಅರ್ಧ ನಿಜ. ಫೆಲಿಟ್ಟಿ ಮತ್ತು ಆಂಡಾ ಅವರ ಸಮೀಕ್ಷೆಯ ಸಮೂಹದ ಹೃದ್ರೋಗವನ್ನು 2004ರಲ್ಲಿ ಬೇರೆಯಾಗಿ ವಿಶ್ಲೇಷಿಸಿದಾಗ, ಧೂಮಪಾನ, ಬೊಜ್ಜು, ವ್ಯಾಯಾಮದ ಕೊರತೆಗಳಂಥ ಪರಿಚಿತ ಕಾರಣಗಳಿಗಿಂತ ಖಿನ್ನತೆ ಮತ್ತು ಸಿಟ್ಟು ಬಾಲ್ಯಕ್ಕೂ ಹೃದಯಕ್ಕೂ ನಡುವಿನ ನಂಟನ್ನು ಹೆಚ್ಚು ವಿವರಿಸುತ್ತವೆ ಎಂದು ಕಂಡುಬಂತು. ಹಾಗಾದರೆ ಚಟದ ದಾರಿಯಲ್ಲದೆ ಬೇರೊಂದು ದಾರಿಯೂ ಇರಬೇಕು. ಅದು ನೇರವಾಗಿ ದೇಹದೊಳಗಿನ ದಾರಿ.

ಅಪಾಯ ಎದುರಾದಾಗ ಮೆದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ, ಅದು ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಗೆ ಸಂದೇಶ ಕಳಿಸುತ್ತದೆ. ಇನ್ನೊಂದೆಡೆ ನರಗಳ ಮೂಲಕ ಬಂದ ಸಂದೇಶದಿಂದ ಅದೇ ಗ್ರಂಥಿಗಳ ಅಡ್ರಿನಲಿನ್ ಕ್ಷಣಾರ್ಧದಲ್ಲಿ ರಕ್ತಕ್ಕೆ ಹರಿಯುತ್ತದೆ. ಅವುಗಳಿಂದಲೇ ಬರುವ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಕೆಲವು ನಿಮಿಷಗಳಲ್ಲಿ ಏರುತ್ತದೆ. ಎದೆ ಬಡಿತ ಹೆಚ್ಚುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ, ಜೀರ್ಣಕ್ರಿಯೆ ಹಿಂದೆ ಸರಿಯುತ್ತದೆ. ಅಪಾಯ ಕಳೆದ ಮೇಲೆ ಕಾರ್ಟಿಸಾಲೇ ಮೆದುಳಿಗೆ ಮರಳಿ ಹೋಗಿ ಇನ್ನು ಸಾಕು ಎಂದು ಹೇಳಿ ಇಡೀ ವ್ಯವಸ್ಥೆಯನ್ನು ಆರಿಸುತ್ತದೆ. ಬೀದಿಯಲ್ಲಿ ನಾಯಿ ಅಟ್ಟಿಸಿಕೊಂಡು ಬಂದರೆ ಈ ಏರ್ಪಾಡು ಅದ್ಭುತವಾಗಿ ಕೆಲಸ ಮಾಡುತ್ತದೆ. ಆದರೆ ಆ ನಾಯಿ ಮನೆಯೊಳಗೇ ಇದ್ದರೆ? ಪ್ರತಿ ಸಂಜೆ ಬಾಗಿಲ ಚಿಲಕದ ಸದ್ದಾದೊಡನೆ ಈ ದಿನ ಯಾವ ಮನಃಸ್ಥಿತಿಯಲ್ಲಿ ಬಂದಿದ್ದಾರೋ ಎಂದು ಹೆಜ್ಜೆಯ ಸಪ್ಪಳದಿಂದಲೇ ಅಳೆಯಬೇಕಾದ ಮಗುವಿಗೆ ಅಪಾಯ ಕಳೆಯುವುದೇ ಇಲ್ಲ. ಹಾಗೆ ಅಳೆಯುವುದು ಆ ಮಗುವಿನ ಜಾಣತನ, ಅದು ರೋಗವಲ್ಲ. ಆದರೆ ಉರಿಯುತ್ತಲೇ ಇರುವ ದೀಪದ ಬತ್ತಿ ಬೇಗ ಸವೆಯುತ್ತದೆ. ಈ ಸವೆತಕ್ಕೆ 1993ರಲ್ಲಿ ಬ್ರೂಸ್ ಮೆಕ್ಯೂಯನ್ ಮತ್ತು ಎಲಿಯಟ್ ಸ್ಟೆಲ್ಲರ್ ಅವರು ‘ಅಲೊಸ್ಟಾಟಿಕ್ ಲೋಡ್’ ಎಂಬ ಹೆಸರು ಕೊಟ್ಟರು. ಹೊಂದಿಕೊಳ್ಳುವುದರಿಂದಲೇ ದೇಹದ ಮೇಲೆ ಬೀಳುವ ಹೊರೆ ಎಂದು ಅದನ್ನು ಅರ್ಥಮಾಡಿಕೊಳ್ಳಬಹುದು.

ಈ ಹೊರೆ ಕಣ್ಣಿಗೆ ಕಾಣುವ ಜಾಗಗಳಲ್ಲಿ ಉರಿಯೂತವೂ, ಅಂದರೆ ಗಾಯಕ್ಕೋ ಸೋಂಕಿಗೋ ದೇಹ ತೋರುವ ಪ್ರತಿಕ್ರಿಯೆಯೂ, ಒಂದು. ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿದಾಗಿನಿಂದ ಹಿಂಬಾಲಿಸುತ್ತ ಬಂದ ಅಧ್ಯಯನವೊಂದಿದೆ. ಅವರಲ್ಲಿ ಬಾಲ್ಯದಲ್ಲಿ ದುರ್ವರ್ತನೆಗೆ ಒಳಗಾದವರ ರಕ್ತವನ್ನು 32ನೆಯ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ಉರಿಯೂತವನ್ನು ಸೂಚಿಸುವ ಸಿ-ರಿಯಾಕ್ಟಿವ್ ಪ್ರೋಟೀನ್ ಉಳಿದವರಿಗಿಂತ ಹೆಚ್ಚು ಪ್ರಮಾಣದಲ್ಲಿ ಕಂಡಿತು. ಯಾವ ಗಾಯವೂ ಯಾವ ಸೋಂಕೂ ಇಲ್ಲದ ದೇಹವೊಂದು ಗಾಯಗೊಂಡಂತೆ ವರ್ತಿಸುತ್ತಿತ್ತು. ರಕ್ತನಾಳಗಳು ಗಟ್ಟಿಯಾಗುವುದರಲ್ಲಿ ಉರಿಯೂತಕ್ಕೆ ಪಾತ್ರವಿರುವುದರಿಂದ, ಬಾಲ್ಯದ ಭಯ ನಡುವಯಸ್ಸಿನ ಹೃದಯವನ್ನು ತಲುಪುವ ಒಂದು ದಾರಿ ಇಲ್ಲಿ ಕಾಣುತ್ತದೆ.

ಹೊಡೆತ, ಬೈಗುಳಗಳ ಬಗ್ಗೆ ಮಾತಾಡುವಾಗ ನಾವು ಮರೆತುಬಿಡುವ ಇನ್ನೊಂದು ಬಗೆಯ ಆಘಾತವಿದೆ. ಅದು ಏನೋ ನಡೆದದ್ದರಿಂದ ಆದ ಆಘಾತವಲ್ಲ, ನಡೆಯಬೇಕಾದದ್ದು ನಡೆಯದೆ ಹೋದದ್ದರಿಂದ ಆದ ಆಘಾತ. ಇದನ್ನು ರೊಮೇನಿಯಾದ ಮಕ್ಕಳು ಜಗತ್ತಿಗೆ ತೋರಿಸಿಕೊಟ್ಟರು. ಚಾಸೆಸ್ಕು ಸರ್ಕಾರ 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿದ್ದರಿಂದ, ಸಾಕಲಾಗದ ಮಕ್ಕಳನ್ನು ಸರ್ಕಾರಿ ಆಶ್ರಯಗಳಿಗೆ ಒಪ್ಪಿಸುವುದು ವಾಡಿಕೆಯಾಯಿತು. 1989ರ ಡಿಸೆಂಬರಿನಲ್ಲಿ ಆ ಆಡಳಿತ ಉರುಳಿದಾಗ ಲಕ್ಷಕ್ಕೂ ಮಿಕ್ಕಿ ಮಕ್ಕಳು ಅಲ್ಲಿದ್ದರು. ಊಟ, ಹಾಸಿಗೆ, ಸೂರು ಇದ್ದವು. ಎತ್ತಿಕೊಳ್ಳುವವರು, ಅತ್ತರೆ ಓಗೊಡುವವರು ಇರಲಿಲ್ಲ. ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್ ಮತ್ತು ಚಾರ್ಲ್ಸ್ ಝೀನಾ ಅವರು 2000ದಲ್ಲಿ ಬುಕಾರೆಸ್ಟಿನಲ್ಲಿ ಆರಂಭಿಸಿದ ಅಧ್ಯಯನದಲ್ಲಿ ಅಂಥ 136 ಎಳೆಯ ಮಕ್ಕಳಿದ್ದರು. ಚೀಟಿ ಎತ್ತಿದಂತೆ ಅರ್ಧದಷ್ಟು ಮಕ್ಕಳನ್ನು ತರಬೇತಿ ಪಡೆದ ಸಾಕುಕುಟುಂಬಗಳಿಗೆ ಕೊಟ್ಟರು. ಉಳಿದವರಿಗೆ ಆಗ ಇದ್ದ ವ್ಯವಸ್ಥೆಯೇ ಮುಂದುವರಿಯಿತು. ಇಂಥ ಪ್ರಯೋಗ ನ್ಯಾಯವೇ ಎಂಬ ಪ್ರಶ್ನೆ ಅಂದೂ ಎದ್ದಿತ್ತು, ಇಂದೂ ಇದೆ. ಆ ಹೊತ್ತಿಗೆ ಅಲ್ಲಿ ಸಾಕುಕುಟುಂಬಗಳ ವ್ಯವಸ್ಥೆ ಇಲ್ಲವೆನ್ನುವಷ್ಟು ಕಡಿಮೆಯಿತ್ತೆಂಬುದು ಸಂಶೋಧಕರ ಸಮರ್ಥನೆ, ಮತ್ತು ಆಶ್ರಯಗಳಲ್ಲಿ ಉಳಿದವರಿಗೆ ಮುಂದೆ ಕುಟುಂಬ ಸಿಗುವುದನ್ನು ಅವರು ತಡೆಯಲಿಲ್ಲ. ಅದನ್ನು ಓದಿಯೂ ನನ್ನ ಮನಸ್ಸಿನ ಕಸಿವಿಸಿ ಪೂರ್ತಿಯಾಗಿ ಹೋಗಿಲ್ಲ.

ಸಾಕುಕುಟುಂಬ ಸೇರಿದ ಮಕ್ಕಳ ಬುದ್ಧಿಮತ್ತೆ ಸುಧಾರಿಸಿತು, ಒಬ್ಬರಿಗೆ ಅಂಟಿಕೊಂಡು ನಂಬುವ ಶಕ್ತಿ ಮರಳಿತು. ಎರಡು ವರ್ಷ ತುಂಬುವ ಮುನ್ನವೇ ಕುಟುಂಬ ಸೇರಿದ್ದವರ ಮೆದುಳಿನ ವಿದ್ಯುತ್ ಅಲೆಗಳು, ಎಂಟನೆಯ ವಯಸ್ಸಿನ ಹೊತ್ತಿಗೆ, ಎಂದೂ ಆಶ್ರಯದಲ್ಲಿರದ ಮಕ್ಕಳ ಅಲೆಗಳನ್ನೇ ಹೋಲುತ್ತಿದ್ದವು. ತಡವಾಗಿ ಹೋದವರಲ್ಲಿ ಹಾಗಾಗಲಿಲ್ಲ. ಒತ್ತಡಕ್ಕೆ ದೇಹ ತೋರುವ ಪ್ರತಿಕ್ರಿಯೆಯನ್ನು ಹರೆಯದ ಹೊಸ್ತಿಲಲ್ಲಿ ಅಳೆದಾಗ, ಆಶ್ರಯದಲ್ಲೇ ಉಳಿದವರಲ್ಲಿ ಅದು ಹೆಚ್ಚಾಗಿರಲಿಲ್ಲ, ಬದಲಿಗೆ ಮಂದವಾಗಿತ್ತು. ಕಾರ್ಟಿಸಾಲ್ ಏರಬೇಕಾದಲ್ಲಿ ಸರಿಯಾಗಿ ಏರುತ್ತಲೇ ಇರಲಿಲ್ಲ. ಕರೆದರೂ ಯಾರೂ ಬರುವುದಿಲ್ಲವೆಂದು ಕಲಿತ ದೇಹ ಕರೆಯುವುದನ್ನೇ ಬಿಟ್ಟಿತೇನೋ ಎಂದು ನನಗೆ ಅನ್ನಿಸುತ್ತದೆ. ಇದು ವಿಜ್ಞಾನದ ವಾಕ್ಯವಲ್ಲ, ನನ್ನ ವಾಕ್ಯ. ಆಘಾತವೆಂದರೆ ಸದಾ ಕಾರ್ಟಿಸಾಲ್ ಏರಿರುವುದು ಎಂಬ ಜನಪ್ರಿಯ ವಿವರಣೆ ಸಾಲದು ಎಂಬುದಂತೂ ಇದರಿಂದ ಖಚಿತ. ಬೆದರಿಕೆಯ ನಡುವೆ ಬೆಳೆದ ಮಗುವಿನ ಮೆದುಳು ಒಂದು ಬಗೆಯಲ್ಲಿ, ಕೊರತೆಯ ನಡುವೆ ಬೆಳೆದ ಮಗುವಿನದು ಇನ್ನೊಂದು ಬಗೆಯಲ್ಲಿ ಹೊಂದಿಕೊಳ್ಳುತ್ತದೆ. ಎರಡನ್ನೂ ಒಂದೇ ಅಂಕಪಟ್ಟಿಯಲ್ಲಿ ಕೂಡಿಸುವುದು ಎಷ್ಟು ಸರಿ ಎಂಬುದು ಈಗ ಸಂಶೋಧಕರ ನಡುವೆಯೇ ಚರ್ಚೆಯಲ್ಲಿದೆ.

ವಂಶವಾಹಿಗಳ ವಿಚಾರವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದರ ಬಗ್ಗೆ ಅಗತ್ಯಕ್ಕಿಂತ ಹೆಚ್ಚು ಸದ್ದಾಗಿದೆ. ಕೆನಡಾದಲ್ಲಿ ಮೈಕಲ್ ಮೀನಿ ಅವರ ತಂಡ ಇಲಿಗಳನ್ನು ಗಮನಿಸಿತು: ಮರಿಗಳನ್ನು ಹೆಚ್ಚು ನೆಕ್ಕಿ ನೇವರಿಸುವ ತಾಯಿಯ ಬಳಿ ಬೆಳೆದವು ಒತ್ತಡದಿಂದ ಬೇಗ ಶಾಂತವಾಗುತ್ತಿದ್ದವು, ನೆಕ್ಕದ ತಾಯಿಯ ಬಳಿ ಬೆಳೆದವು ಹಾಗಾಗುತ್ತಿರಲಿಲ್ಲ. ಮರಿಗಳನ್ನು ಅದಲುಬದಲು ಮಾಡಿದಾಗ ಅವು ಹೆತ್ತ ತಾಯಿಯನ್ನಲ್ಲ, ಸಾಕಿದ ತಾಯಿಯನ್ನು ಹೋಲಿದವು. ಕಾರ್ಟಿಸಾಲಿನಂಥ ಹಾರ್ಮೋನನ್ನು ಗುರುತಿಸುವ ಗ್ರಾಹಕದ ವಂಶವಾಹಿಯ ಮೇಲಿನ ರಾಸಾಯನಿಕ ಗುರುತುಗಳು ಪಾಲನೆಗೆ ತಕ್ಕಂತೆ ಬದಲಾಗುತ್ತವೆಂದು 2004ರಲ್ಲಿ ಅವರು ತೋರಿಸಿದರು. ಇದು ದೊಡ್ಡ ಸಂಶೋಧನೆ. ಆದರೆ ಇದನ್ನೇ ಹಿಡಿದು, ಮುತ್ತಜ್ಜಿಯ ನೋವು ಮರಿಮಗಳ ರಕ್ತದಲ್ಲಿ ಹರಿಯುತ್ತಿದೆ ಎಂದು ಮನುಷ್ಯರ ಬಗ್ಗೆ ಹೇಳಿಬಿಡುವುದು ಇಲಿಯಿಂದ ಬೆಟ್ಟಕ್ಕೆ ಹಾರಿದಂತೆ. ಮನೆತನಗಳಲ್ಲಿ ನೋವು ದಾಟಿಬರುವುದಕ್ಕೆ ಪಾಲನೆ, ಬಡತನ, ಕುಡಿತಗಳಂಥ ಕಣ್ಣೆದುರಿನ ದಾರಿಗಳೇ ಬೇಕಾದಷ್ಟಿವೆ.

ಈಗ ಅಂಕಗಳ ಮಾತಿಗೆ ಮರಳುತ್ತೇನೆ. ಇದೇ ನಾನು ಅತಿ ಎಚ್ಚರದಿಂದ ಹೇಳಬೇಕಾದ ಭಾಗ. ಹತ್ತು ಪ್ರಶ್ನೆಗಳ ಈ ಪಟ್ಟಿ ಈಗ ಎಲ್ಲರ ಕೈಗೂ ಸಿಗುತ್ತದೆ. ಜನ ತಾವೇ ಉತ್ತರಿಸಿ, ಕೂಡಿಸಿ, ಬಂದ ಅಂಕವನ್ನು ಜಾತಕದ ಹಾಗೆ ಓದಿಕೊಳ್ಳುತ್ತಿದ್ದಾರೆ. ಪಟ್ಟಿಯನ್ನು ರೂಪಿಸಿದವರಲ್ಲೊಬ್ಬರಾದ ಆಂಡಾ ಅವರೇ 2020ರಲ್ಲಿ ಇದರ ದುರ್ಬಳಕೆಯ ಬಗ್ಗೆ ಎಚ್ಚರಿಸಿದರು. ಒಂದೇ ಬಾರಿ ನಡೆದದ್ದಕ್ಕೂ ಹತ್ತು ವರ್ಷ ದಿನನಿತ್ಯ ನಡೆದದ್ದಕ್ಕೂ ಇಲ್ಲಿ ಒಂದೇ ಅಂಕ. ಮೂರನೆಯ ವಯಸ್ಸಿನದಕ್ಕೂ ಹದಿನೇಳರದಕ್ಕೂ ಒಂದೇ ಅಂಕ. ನಡೆದದ್ದನ್ನು ತಿಳಿದ ಅಜ್ಜಿಯೊಬ್ಬಳು ಮಗುವನ್ನು ಅಪ್ಪಿಕೊಂಡಳೇ ಅಥವಾ ಸುಳ್ಳು ಹೇಳಬೇಡವೆಂದು ಗದರಿದಳೇ ಎಂಬುದಕ್ಕೆ ಅಂಕವೇ ಇಲ್ಲ. ದೊಡ್ಡ ಸಮೂಹದಲ್ಲಿ ಅಂಕ ಏರಿದಂತೆ ಕಾಯಿಲೆ ಏರುತ್ತದೆ ಎಂಬುದು ನಿಜ. ಒಬ್ಬ ವ್ಯಕ್ತಿಗೆ ಮುಂದೆ ಕಾಯಿಲೆ ಬರುತ್ತದೋ ಇಲ್ಲವೋ ಎಂದು ಹೇಳಲು ಹೊರಟರೆ ಅಂಕದ ಊಹೆ ತೀರ ಕಳಪೆ ಎಂಬುದೂ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯಿಂದ ತಿಳಿದಿದೆ. ಮಕ್ಕಳಿದ್ದಾಗಲೇ ದಾಖಲಾದ ದುರ್ವರ್ತನೆಯನ್ನೂ ದೊಡ್ಡವರಾದ ಮೇಲೆ ಅವರೇ ನೆನೆದು ಹೇಳಿದ್ದನ್ನೂ ಪಕ್ಕಪಕ್ಕ ಇಟ್ಟರೆ ಎರಡೂ ಬಹುಮಟ್ಟಿಗೆ ಬೇರೆ ಬೇರೆ ಜನರನ್ನು ತೋರಿಸುತ್ತವೆ ಎಂಬ ಇನ್ನೊಂದು ತೊಡಕೂ ಇದೆ. ನೆನಪು ಸುಳ್ಳೆಂದು ಇದರರ್ಥವಲ್ಲ. ದಾಖಲೆಗೆ ಎಷ್ಟೋ ಸಂಗತಿ ಸಿಗುವುದಿಲ್ಲ. ಸಿಕ್ಕಿದ್ದನ್ನು ಮನಸ್ಸು ಕೆಲವೊಮ್ಮೆ ಹಿಡಿದಿಡುವುದಿಲ್ಲ.

ಅಂಕ ಹೇಳದೆ ಬಿಡುವುದೇನೆಂದು ತಿಳಿಯಬೇಕಾದರೆ ಹವಾಯಿಯ ಕವಾಯಿ ದ್ವೀಪಕ್ಕೆ ಹೋಗಬೇಕು. 1955ರಲ್ಲಿ ಅಲ್ಲಿ ಹುಟ್ಟಿದ ಎಲ್ಲ 698 ಮಕ್ಕಳನ್ನೂ ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಳ ಕಾಲ ಹಿಂಬಾಲಿಸಿದರು. ಅವರಲ್ಲಿ ಸುಮಾರು ಮೂರನೆಯ ಒಂದು ಭಾಗದ ಮಕ್ಕಳು ಬಡತನ, ಮನೆಯ ಕಲಹ, ಪೋಷಕರ ಕುಡಿತ ಅಥವಾ ಮಾನಸಿಕ ಕಾಯಿಲೆಗಳ ನಡುವೆ ಬೆಳೆದವರು. ಆ ಗುಂಪಿನಲ್ಲಿಯೂ ಮೂರರಲ್ಲಿ ಒಬ್ಬರು ಆತ್ಮವಿಶ್ವಾಸವುಳ್ಳ, ಬೇರೆಯವರ ಬಗ್ಗೆ ಕಾಳಜಿಯುಳ್ಳ ವಯಸ್ಕರಾದರು. ಅವರ ಬಾಲ್ಯದಲ್ಲಿ ಮತ್ತೆ ಮತ್ತೆ ಕಂಡದ್ದು ಒಬ್ಬ ಹಿರಿಯರ ನಿರಂತರವಾದ ಅಕ್ಕರೆ. ಅವರು ಹೆತ್ತವರೇ ಆಗಿರಬೇಕೆಂದಿರಲಿಲ್ಲ, ಅಜ್ಜಿ, ಚಿಕ್ಕಮ್ಮ, ಶಿಕ್ಷಕಿ ಯಾರಾದರೂ ಆದೀತು. ಈ ಭಾಗವನ್ನು ಬಹಳ ಜನ ಉದ್ಧರಿಸುತ್ತಾರೆ. ನನಗೆ ಇನ್ನೂ ಮುಖ್ಯವೆನಿಸುವುದು ಉಳಿದ ಎರಡು ಭಾಗದವರ ಕಥೆ. ಹದಿಹರೆಯದಲ್ಲಿ ಓದು ಬಿಟ್ಟ, ಪೊಲೀಸರ ಕೈಗೆ ಸಿಕ್ಕ, ಬೇಗನೆ ಬಸುರಾದ ಅವರಲ್ಲಿಯೂ ಹೆಚ್ಚಿನವರು ಮೂವತ್ತು ನಲವತ್ತರ ವಯಸ್ಸಿಗೆ ಚೇತರಿಸಿಕೊಂಡಿದ್ದರು. ದೊಡ್ಡವರಾದ ಮೇಲೆ ಮುಂದುವರಿಸಿದ ಓದು, ನೆಮ್ಮದಿಯ ದಾಂಪತ್ಯ, ಸೇನೆಯಲ್ಲಿ ಕಲಿತ ಕಸುಬು, ನಂಬಿದ ಧಾರ್ಮಿಕ ಸಮುದಾಯ ಹೀಗೆ ಬಾಗಿಲುಗಳು ತಡವಾಗಿಯೂ ತೆರೆದಿದ್ದವು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವು ಹೆಚ್ಚಾಗಿ ಕೇಳುವುದು ಬೆತ್ತ ಹಿಡಿದವರ ಬಾಯಲ್ಲಿ. ಗಿಡವನ್ನು ಬಗ್ಗಿಸಿದ ಕೈ ಮರದಲ್ಲಿ ಏನನ್ನು ಉಳಿಸಿಹೋಗುತ್ತದೆ ಎಂಬುದನ್ನು ಆ ಗಾದೆ ಕೇಳುವುದಿಲ್ಲ. ಮರವೂ ಸ್ವಲ್ಪ ಬಗ್ಗುತ್ತದೆ ಎಂಬುದನ್ನೂ ಅದು ಒಪ್ಪುವುದಿಲ್ಲ.

ಸಭಿಕರೊಬ್ಬರು ಕೇಳಿದರು: ನನಗೆ ಈಗ ಐವತ್ತು, ಇಷ್ಟು ವರ್ಷದ ಮೇಲೆ ಇದನ್ನೆಲ್ಲ ಕೆದಕಿ ಫಲವೇನು?

ಕೆದಕಲೇಬೇಕೆಂಬ ನಿಯಮವಿಲ್ಲ ಎಂದು ನಾನು ಉತ್ತರಿಸಿದೆ. ನಡೆದದ್ದನ್ನು ಹೇಳಿಬಿಡುವುದೇ ಚಿಕಿತ್ಸೆ ಎಂಬುದು ತಪ್ಪು ತಿಳಿವಳಿಕೆ. ಒತ್ತಾಯಕ್ಕೆ ಹೇಳಿಸಿದರೆ ಕೆಡುಕಾಗುವುದೂ ಉಂಟು. ಆದರೆ ದುಃಸ್ವಪ್ನ, ಬೆಚ್ಚಿಬೀಳುವುದು, ಹಳೆಯದು ಕಣ್ಣೆದುರು ಮರಳಿ ನಡೆದಂತಾಗುವುದು ಇವು ದಿನದ ಬದುಕನ್ನೇ ಕಾಡುತ್ತಿದ್ದರೆ ಅದಕ್ಕೆ ಪರೀಕ್ಷಿತ ಚಿಕಿತ್ಸೆಗಳಿವೆ. ಆಘಾತವನ್ನೇ ಗುರಿಯಾಗಿಸಿಕೊಂಡ ಅರಿವು-ವರ್ತನೆಯ ಚಿಕಿತ್ಸೆಯನ್ನೂ, ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್ ಎಂಬ ಚಿಕಿತ್ಸೆಯನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ. ಇವನ್ನು ತರಬೇತಾದವರ ಬಳಿಯೇ ಪಡೆಯಬೇಕು. ಮತ್ತೆ, ನೀವು ನೋಡುವ ವೈದ್ಯರು ಹೃದಯದ ವೈದ್ಯರೇ ಆಗಿರಲಿ, ಸಕ್ಕರೆ ಕಾಯಿಲೆಯ ವೈದ್ಯರೇ ಆಗಿರಲಿ, ಮಾತ್ರೆ ಸರಿಯಾಗಿ ನುಂಗುವುದಿಲ್ಲವೇಕೆ, ಸಿಗರೇಟು ಬಿಡುವುದಿಲ್ಲವೇಕೆ ಎಂದು ಗದರಿದರೆ, ಅದು ನಿಮಗೆ ಯಾವುದರಿಂದ ಬಿಡುವು ಕೊಡುತ್ತಿದೆ ಎಂಬುದನ್ನು ನೀವೇ ಅವರಿಗೆ ಹೇಳಬಹುದು. ಒಂದು ಪರಿಹಾರವನ್ನು ಕಸಿದುಕೊಳ್ಳುವ ಮುನ್ನ ಇನ್ನೊಂದನ್ನು ಕೈಗಿಡಬೇಕೆಂಬುದು ಬೊಜ್ಜಿನ ಚಿಕಿತ್ಸಾಲಯದ ಆ ಯುವತಿಯಿಂದ ವೈದ್ಯರು ಕಲಿಯಬಹುದಾಗಿದ್ದ ಪಾಠ.

ತಾಯಿಯೊಬ್ಬರು ಎಲ್ಲರೂ ಎದ್ದ ಮೇಲೆ ಬಂದು ಮೆಲುದನಿಯಲ್ಲಿ ಕೇಳಿದರು: ನಾನೇ ನನ್ನ ಮಗುವಿನ ಮೇಲೆ ಕೈಮಾಡಿದ್ದೇನೆ, ಕೂಗಾಡಿದ್ದೇನೆ, ಅವನ ದೇಹದಲ್ಲಿ ಇದೆಲ್ಲ ಕೂತುಬಿಟ್ಟಿದೆಯೇ?

ಅವರಿಗೆ ನಾನು ಎಡ್ವರ್ಡ್ ಟ್ರಾನಿಕ್ ಅವರು 1970ರ ದಶಕದಲ್ಲಿ ನಡೆಸಿದ ಪ್ರಯೋಗವನ್ನು ಹೇಳಿದೆ. ತಾಯಿ ಕೂಸಿನೊಡನೆ ನಗುತ್ತ ಆಡುತ್ತಾಳೆ. ಆಮೇಲೆ ಕೆಲವು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನೆ ನೋಡುತ್ತಾಳೆ. ಕೂಸು ನಗುತ್ತದೆ, ಕೈಚಾಚುತ್ತದೆ, ಕೂಗುತ್ತದೆ, ಕೊನೆಗೆ ಮುಖ ತಿರುಗಿಸಿ ಕುಗ್ಗಿಹೋಗುತ್ತದೆ. ಅದೇ ಸಂಶೋಧಕರ ಬೇರೆ ದಾಖಲೆಗಳಲ್ಲಿ ಕಂಡದ್ದೇನೆಂದರೆ, ಅಕ್ಕರೆಯ ತಾಯಂದಿರೂ ಕೂಸಿನೊಡನೆ ಸರಿಯಾಗಿ ತಾಳ ಕೂಡಿಸುವುದು ಸ್ವಲ್ಪವೇ ಹೊತ್ತು; ಉಳಿದ ಹೊತ್ತೆಲ್ಲ ತಾಳ ತಪ್ಪುತ್ತದೆ, ಮತ್ತೆ ಸರಿಹೋಗುತ್ತದೆ. ಕೈಮಾಡುವುದನ್ನು ನಿಲ್ಲಿಸಿ, ಮಗುವಿನ ಎದುರು ಕೂತು, ತಪ್ಪು ನನ್ನದು ನಿನ್ನದಲ್ಲ ಎಂದು ಹೇಳಿ ಎಂದೆ. ನಿಲ್ಲಿಸಲು ಆಗದಿದ್ದರೆ ಆಪ್ತಸಮಾಲೋಚಕರ ನೆರವು ಪಡೆಯಿರಿ ಎಂದೂ ಹೇಳಿದೆ. ಅವನು ತಕ್ಷಣ ನಂಬುತ್ತಾನೆಯೇ ಎಂದು ಅವರು ಕೇಳಿದರು. ಟ್ರಾನಿಕ್ ಅವರ ಪ್ರಯೋಗದ ಕೊನೆಯ ಭಾಗದಲ್ಲಿ ತಾಯಿ ಮತ್ತೆ ನಗುತ್ತ ಮಾತಾಡಿಸುತ್ತಾಳೆ. ಕೂಸು ಆಗಲೂ ಸ್ವಲ್ಪ ಹೊತ್ತು ಅಳುತ್ತಲೇ ಇರುತ್ತದೆ, ಮುಖ ಅತ್ತ ತಿರುಗಿಸುತ್ತದೆ, ಓರೆಗಣ್ಣಿನಿಂದ ನೋಡುತ್ತದೆ. ತಾಯಿ ಕಾಯುತ್ತ ಮಾತಾಡಿಸುತ್ತಿದ್ದರೆ ಆಮೇಲೆ ಮೆಲ್ಲನೆ ಅವಳತ್ತ ತಿರುಗುತ್ತದೆ.